ಹಳೆಯ ಊರಿನ ಗೋಡೆ ಬಿಳಿಯ ಪರದೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

ಐತಿಹಾಸಿಕ ಊರುಗಳನ್ನು ರಾತ್ರಿ ಹೊತ್ತು ಬೆಳಕಿನ ಚಿತ್ರಗಳ ಮೂಲಕ ತೋರಿಸುವ ಯೋಜನೆಗಳ ಸುದ್ದಿ ಈಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಎಷ್ಟು ಪ್ರೊಜೆಕ್ಟರುಗಳು ಬರಲಿವೆ, ಎಷ್ಟು ಹಣ ಮಂಜೂರಾಗಿದೆ, ಎಷ್ಟು ಪ್ರವಾಸಿಗರ ನಿರೀಕ್ಷೆಯಿದೆ ಎಂಬ ವಿವರಗಳು ಅಂಥ ಸುದ್ದಿಯಲ್ಲಿ ತಪ್ಪದೆ ಇರುತ್ತವೆ. ಆದರೆ ಆ ಬೆಳಕು ಗೋಡೆಯ ಮೇಲೆ ಏನನ್ನು ಹೇಳಲಿದೆ, ಅದನ್ನು ಬರೆದವರು ಯಾರು, ಪ್ರದರ್ಶನ ಮುಗಿದ ಮೇಲೆ ಅಲ್ಲಿ ಎಷ್ಟು ಕತ್ತಲೆ ಉಳಿಯಲಿದೆ ಎಂಬ ಮಾತು ಬರುವುದು ಅಪರೂಪ. ಈ ಪ್ರದರ್ಶನಗಳ ಮೇಲೆ ನನಗೆ ಹಗೆಯೇನೂ ಇಲ್ಲ. ಹಳೆಯ ಕಟ್ಟಡಗಳ ಮೇಲಿನ ಮೋಹದಿಂದ ಇವನ್ನೆಲ್ಲ ಆಸೆಪಟ್ಟು ನೋಡುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಒಂದೇ. ಹಳೆಯ ಊರಿನ ಗೋಡೆಯನ್ನು ಬಿಳಿಯ ಪರದೆಯೆಂದು ಎಣಿಸಿದಾಗ ಊರು ಹಿಂದೆ ಸರಿದು, ಚಿತ್ರವೊಂದೇ ಕಣ್ಣಿಗೆ ಉಳಿಯುತ್ತದೆ.

ಈ ಕಲೆ ಹುಟ್ಟಿದಾಗ ಹಾಗಿರಲಿಲ್ಲ. 1952ರಲ್ಲಿ ಫ್ರಾನ್ಸಿನ ಶಾಂಬೋರ್ ಅರಮನೆಯಲ್ಲಿ ಅಲ್ಲಿನ ಉಸ್ತುವಾರಿ ವಹಿಸಿದ್ದ ಪಾಲ್ ರಾಬರ್ಟ್ ಹೂಡಿನ್ ಮೊದಲ ಧ್ವನಿ-ಬೆಳಕು ಪ್ರದರ್ಶನವನ್ನು ಏರ್ಪಡಿಸಿದರು. ಅವರ ತಾತ ಹೆಸರಾಂತ ಜಾದೂಗಾರ; ಮುಂದೆ ಹೂಡಿನಿ ಎಂಬ ಇನ್ನೊಬ್ಬ ಜಾದೂಗಾರ ತನ್ನ ಹೆಸರನ್ನು ಕಟ್ಟಿಕೊಂಡದ್ದು ಆ ತಾತನ ಹೆಸರಿನಿಂದಲೇ. ಮೊಮ್ಮಗ ಮಾಡಿದ ಜಾದೂವಿನಲ್ಲಿ ಮಾತ್ರ ಮರೆಮಾಚುವ ಕೈಚಳಕವಿರಲಿಲ್ಲ. ದೀಪಗಳು ಕಿಟಕಿಯಿಂದ ಕಿಟಕಿಗೆ, ಗೋಪುರದಿಂದ ಗೋಪುರಕ್ಕೆ ಸರಿಯುತ್ತಿದ್ದವು, ಕಥೆಯನ್ನು ಧ್ವನಿ ಹೇಳುತ್ತಿತ್ತು, ಅರಮನೆ ತಾನಿದ್ದಲ್ಲಿ ತಾನಿದ್ದಂತೆ ನಿಂತಿತ್ತು. ಗಿಜಾದ ಪಿರಮಿಡ್ಡುಗಳ ಬಳಿ 1961ರಲ್ಲೂ ದಿಲ್ಲಿಯ ಕೆಂಪುಕೋಟೆಯಲ್ಲಿ 1965ರಲ್ಲೂ ಆರಂಭವಾದದ್ದು ಇದೇ ಬಗೆಯ ಪ್ರದರ್ಶನ. ಕತ್ತಲೆಯಲ್ಲಿ ಕುಳಿತವರ ಕಿವಿಗೆ ಕುದುರೆಯ ಗೊರಸಿನ ಸದ್ದು ಕೇಳಿಸಿ, ಎದುರಿನ ಒಂದು ಬಾಗಿಲು ಮಾತ್ರ ಬೆಳಗಿದರೆ ಸಾಕು, ಉಳಿದ ಇಡೀ ದರ್ಬಾರನ್ನು ಅವರ ಮನಸ್ಸೇ ಕಟ್ಟಿಕೊಳ್ಳುತ್ತಿತ್ತು. ಇಂದಿನ ಕಣ್ಣಿಗೆ ಆ ಪ್ರದರ್ಶನಗಳು ನಿಧಾನವೆನಿಸಬಹುದು, ನಿರೂಪಣೆಯ ಗಂಭೀರ ಕಂಠ ಒಮ್ಮೊಮ್ಮೆ ನಗು ತರಿಸಬಹುದು. ಆದರೂ ಪ್ರದರ್ಶನ ಮುಗಿದು ನೋಡುಗನು ಎದ್ದಾಗ ಅವನು ನೋಡಿದ್ದು ಆ ಕಟ್ಟಡವನ್ನೇ.

ಈಗ ಬಂದಿರುವ ಪ್ರೊಜೆಕ್ಷನ್ ಮ್ಯಾಪಿಂಗ್ ಬೇರೆ ವಂಶದ್ದು. ಉಬ್ಬುತಗ್ಗಿರುವ ವಸ್ತುವಿನ ಮೇಲೆ ಅದರ ಆಕಾರಕ್ಕೆ ಒಪ್ಪುವಂತೆ ಚಲಿಸುವ ಚಿತ್ರ ಬಿಡುವ ತಂತ್ರವನ್ನು ಜನ 1969ರಲ್ಲೇ ಅಮೆರಿಕದ ಡಿಸ್ನಿಲ್ಯಾಂಡಿನ ಭೂತಬಂಗಲೆಯಲ್ಲಿ ಕಂಡಿದ್ದರು; ಅಲ್ಲಿ ನಿರ್ಜೀವ ಶಿಲ್ಪಮುಖಗಳ ಮೇಲೆ ಹಾಡುವ ಮುಖಗಳ ಚಿತ್ರ ಬಿದ್ದು ಕಲ್ಲೇ ಹಾಡಿದಂತೆ ತೋರುತ್ತಿತ್ತು. ಇಂದು ಅದೇ ಕೆಲಸವನ್ನು ಇಡೀ ಕಟ್ಟಡದ ಮೇಲೆ ಮಾಡುತ್ತಾರೆ. ಮೊದಲು ಲೇಸರ್ ಸ್ಕ್ಯಾನರಿನಿಂದಲೋ ನೂರಾರು ಛಾಯಾಚಿತ್ರಗಳಿಂದಲೋ ಕಟ್ಟಡದ ಅಳತೆ ತೆಗೆದು ಕಂಪ್ಯೂಟರಿನಲ್ಲಿ ಅದರ ಮೂರು ಆಯಾಮದ ಮಾದರಿ ಮಾಡುತ್ತಾರೆ. ಪ್ರತಿ ಕಂಬ, ಕಮಾನು, ಕಿಟಕಿಗೆ ಹೊಂದುವಂತೆ ಚಿತ್ರವನ್ನು ರಚಿಸುತ್ತಾರೆ. ಹಲವು ಪ್ರೊಜೆಕ್ಟರುಗಳ ಚಿತ್ರಗಳ ಅಂಚುಗಳನ್ನು ಒಂದರೊಳಗೊಂದು ಬೆಸೆದು ಒಂದೇ ಚಿತ್ರವೆನ್ನುವಂತೆ ತೋರಿಸುತ್ತಾರೆ. ಈ ಹೊಂದಾಣಿಕೆ ಎಷ್ಟು ನಾಜೂಕಿನದೆಂದರೆ ಪ್ರೊಜೆಕ್ಟರ್ ಕುಳಿತ ಪೀಠ ಒಂದೇ ಒಂದು ಡಿಗ್ರಿ ಓರೆಯಾದರೆ 50 ಮೀಟರ್ ದೂರದ ಗೋಡೆಯ ಮೇಲೆ ಚಿತ್ರ ಸುಮಾರು 87 ಸೆಂಟಿಮೀಟರ್ ಜರುಗಿ, ಕಿಟಕಿಯ ಮೇಲೆ ಬೀಳಬೇಕಾದ ಬೆಳಕು ಪಕ್ಕದ ಗೋಡೆಗೆ ಬೀಳುತ್ತದೆ. ಉದ್ಘಾಟನೆಯ ದಿನ ಕರಾರುವಾಕ್ಕಾಗಿದ್ದ ಪ್ರದರ್ಶನ ಒಂದೆರಡು ಮಳೆಗಾಲದ ಬಳಿಕ ಮಸುಕಾಗಿ, ಅಂಚು ತಪ್ಪಿ ಕಾಣುವುದಕ್ಕೆ ಇದೂ ಒಂದು ಕಾರಣ. ಮಸೂರದ ಮೇಲಿನ ದೂಳನ್ನು ಒರೆಸಿ ಪೀಠವನ್ನು ಮತ್ತೆ ನೇರ ಮಾಡುವ ಕೆಲಸಗಾರನಿಗೆ ಸಂಬಳ ಎಲ್ಲಿಂದ ಎಂಬುದನ್ನು ಯೋಜನಾ ವರದಿಯಲ್ಲಿ ಯಾರೂ ಬರೆದಿರುವುದಿಲ್ಲ.

ತಂತ್ರ ಇಷ್ಟು ನಾಜೂಕಾಗಿದ್ದರೂ ಅದನ್ನು ಬಳಸಿ ಹೇಳುವ ಮಾತು ಬಹಳ ಸಲ ಬಡವಾಗಿರುತ್ತದೆ. ಇಂಥ ನಾಲ್ಕು ಪ್ರದರ್ಶನ ನೋಡಿದವರಿಗೆ ಐದನೆಯದರಲ್ಲಿ ಏನು ಬರುತ್ತದೆಂದು ಮೊದಲೇ ಗೊತ್ತಿರುತ್ತದೆ. ಗೋಡೆಯ ಇಟ್ಟಿಗೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಮತ್ತೆ ಜೋಡಣೆಯಾಗುತ್ತವೆ. ಬುಡದಿಂದ ಬಳ್ಳಿ ಹಬ್ಬಿ ಹೂ ಬಿಡುತ್ತದೆ. ನೀರು ತುಂಬಿ ಮೀನು ಈಜುತ್ತದೆ. ಕೊನೆಗೆ ಬಣ್ಣದ ಬಿರುಸು. ಯಾವ ದೇಶದ ಯಾವ ಶತಮಾನದ ಕಟ್ಟಡಕ್ಕಾದರೂ ಈ ಚಿತ್ರಗಳು ಒಗ್ಗುತ್ತವೆ, ಏಕೆಂದರೆ ಅವು ಯಾವುದರ ಬಗೆಗೂ ಅಲ್ಲ. ಇಟ್ಟಿಗೆಯನ್ನೇ ಬಳಸದೆ ಕಲ್ಲಿನಲ್ಲಿ ಕಟ್ಟಿದ ಗೋಡೆಯಿಂದಲೂ ಇಟ್ಟಿಗೆಗಳು ಉದುರುತ್ತವೆ ಎಂದ ಮೇಲೆ ಚಿತ್ರ ಬರೆದವರು ಗೋಡೆಯನ್ನು ಎಷ್ಟು ನೋಡಿದ್ದಾರೆಂಬುದು ತಿಳಿಯುತ್ತದೆ.

ಇದೇ ತಂತ್ರ ಬಲ್ಲವರ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆನಿಸುತ್ತದೆ. ಫ್ರಾನ್ಸಿನ ಅಮಿಯಾನ್ ನಗರದ ಕೆಥೆಡ್ರಲ್, ಅಂದರೆ ಅಲ್ಲಿನ ಮುಖ್ಯ ಚರ್ಚು, 13ನೆಯ ಶತಮಾನದ್ದು. ಅದರ ಪಶ್ಚಿಮದ ಬಾಗಿಲುಗಳ ಸುತ್ತ ಸಂತರ, ಪ್ರವಾದಿಗಳ ಶಿಲ್ಪಗಳ ಸಾಲುಗಳಿವೆ. 1990ರ ದಶಕದಲ್ಲಿ ಶತಮಾನಗಳ ಕೊಳೆಯನ್ನು ಲೇಸರಿನಿಂದ ತೆಗೆಯುವಾಗ ಕಲ್ಲಿನ ಮಡಿಕೆಗಳಲ್ಲಿ ಹಳೆಯ ಬಣ್ಣದ ಕುರುಹುಗಳು ಸಿಕ್ಕವು. ನಾವು ಬೂದುಬಣ್ಣದ ಗಾಂಭೀರ್ಯವೆಂದು ಮೆಚ್ಚುತ್ತಿದ್ದ ಆ ಮುಂಭಾಗ ಒಂದು ಕಾಲಕ್ಕೆ ಥಳಥಳಿಸುವ ಬಣ್ಣಗಳಿಂದ ತುಂಬಿತ್ತು. ಆ ಬಣ್ಣವನ್ನು ಮತ್ತೆ ಕಲ್ಲಿಗೆ ಬಳಿಯುವಂತಿಲ್ಲ. ಬಳಿದರೆ ಉಳಿದ ಕುರುಹೂ ಅಳಿಯುತ್ತದೆ, ಊಹೆ ತಪ್ಪಾಗಿದ್ದರೆ ತಿದ್ದಲಾಗದು. ಆದ್ದರಿಂದ ಬಣ್ಣವನ್ನು ಬೆಳಕಿನಲ್ಲಿ ಬಳಿದರು. ಪ್ರದರ್ಶನದ ರಾತ್ರಿಗಳಲ್ಲಿ ಪ್ರತಿ ಶಿಲ್ಪದ ಮುಖಕ್ಕೆ ಮುಖದ ಬಣ್ಣ, ನಿಲುವಂಗಿಗೆ ನಿಲುವಂಗಿಯ ಬಣ್ಣ ಕರಾರುವಾಕ್ಕಾಗಿ ಬೀಳುತ್ತದೆ. ಸ್ವಿಚ್ ಆರಿಸಿದರೆ ಕಲ್ಲು ಮೊದಲಿದ್ದಂತೆಯೇ ಇರುತ್ತದೆ, ಒಂದು ಕಣವೂ ಅಲುಗಿರುವುದಿಲ್ಲ. ಸಂಶೋಧಕರ ಊಹೆ ನಾಳೆ ಬದಲಾದರೆ ಬದಲಾಯಿಸಬೇಕಾದ್ದು ಕಂಪ್ಯೂಟರಿನಲ್ಲಿರುವ ಚಿತ್ರವನ್ನಷ್ಟೆ.

ಎರಡನೆಯದು ಸ್ಪೇನಿನ ಪಿರನೀಸ್ ಬೆಟ್ಟಗಳ ನಡುವಿನ ತಾವುಲ್ ಎಂಬ ಸಣ್ಣ ಊರಿನ ಸಂತ ಕ್ಲೆಮೆಂಟನ ಚರ್ಚು. 1123ರಲ್ಲಿ ಪ್ರತಿಷ್ಠಾಪನೆಯಾದ ಈ ಚರ್ಚಿನ ಗರ್ಭಗುಡಿಯ ಭಿತ್ತಿಚಿತ್ರಗಳು ವಿದೇಶಿ ಸಂಗ್ರಹಕಾರರ ಪಾಲಾದಾವೆಂಬ ಭಯದಿಂದ 1919ರಿಂದ 1923ರ ನಡುವಿನ ವರ್ಷಗಳಲ್ಲಿ ಅವನ್ನು ಗೋಡೆಯಿಂದ ಬಿಡಿಸಿ ಬಾರ್ಸಿಲೋನಾದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಮುಂದೆ ಚರ್ಚಿನೊಳಗೆ ಆ ಚಿತ್ರಗಳ ಒಂದು ನಕಲನ್ನು ಬರೆಸಲಾಗಿತ್ತು. 2013ರಲ್ಲಿ ಆ ನಕಲನ್ನು ತೆಗೆದು, ಅದರಡಿ ಗೋಡೆಯಲ್ಲೇ ಉಳಿದಿದ್ದ ಮೂಲಚಿತ್ರದ ತುಣುಕುಗಳನ್ನು ಬಯಲುಮಾಡಿ, ಇಲ್ಲದ ಭಾಗವನ್ನು ಪ್ರೊಜೆಕ್ಟರಿನ ಬೆಳಕಿನಿಂದ ತುಂಬಿಸಿದರು. ರೇಖೆಗಳು ಮೊದಲು ಮೂಡುತ್ತವೆ, ಬಣ್ಣಗಳು ಒಂದೊಂದಾಗಿ ಕೂಡುತ್ತವೆ, ಸುಮಾರು ಹತ್ತು ನಿಮಿಷದಲ್ಲಿ ಇಡೀ ಚಿತ್ರ ತನ್ನ ಹಳೆಯ ಜಾಗಕ್ಕೆ ಬಂದು ನಿಲ್ಲುತ್ತದೆ, ಮತ್ತೆ ಹೋಗುತ್ತದೆ. ಇದು ಕಟ್ಟಡದೊಳಗಿನ ಪ್ರದರ್ಶನ, ಬೀದಿಯದಲ್ಲ. ಆದರೂ ಬೆಳಕು ಯಾವ ಕೆಲಸಕ್ಕೆ ಬಂದಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜಾಗ ನನಗೆ ತಿಳಿದಿಲ್ಲ. ಗೋಡೆ ಕಳೆದುಕೊಂಡದ್ದನ್ನು ಗೋಡೆಗೇ ಮರಳಿಸಿ, ಕಳೆದುಕೊಂಡಿದೆ ಎಂಬ ಸತ್ಯವನ್ನೂ ಅದು ಮುಚ್ಚದೆ ಇಡುತ್ತದೆ. 2001ರಲ್ಲಿ ಸಿಡಿಸಲ್ಪಟ್ಟ, ಅಫ್ಘಾನಿಸ್ತಾನದ ಬಾಮಿಯಾನಿನ ಬೃಹತ್ ಬುದ್ಧವಿಗ್ರಹದ ಖಾಲಿ ಗೂಡಿನಲ್ಲಿ 2015ರಲ್ಲಿ ಬೆಳಕಿನ ಬುದ್ಧನೊಬ್ಬ ಅಲ್ಪಹೊತ್ತು ನಿಂತದ್ದರ ಹಿಂದೆಯೂ ಇದೇ ಭಾವವಿತ್ತು.

ಇಲ್ಲಿಯವರೆಗೆ ಹೇಳಿದ್ದು ಒಂಟಿ ಕಟ್ಟಡಗಳ ಮಾತು. ಊರನ್ನು ತೋರಿಸಲು ಹೊರಟವರು ಇನ್ನೊಂದು ತಪ್ಪನ್ನೂ ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಗೋಡೆಯೊಂದನ್ನು ಆರಿಸಿ, ಎದುರಿಗೆ ಕುರ್ಚಿ ಹಾಕಿಸಿ, ಇಡೀ ಊರಿನ ಇತಿಹಾಸವನ್ನು ಅದರ ಮೇಲೆ ಹೇರುತ್ತಾರೆ. ಊರೆಂದರೆ ಹೆಬ್ಬಾಗಿಲೊಂದೇ ಅಲ್ಲ; ಓಣಿಯ ತಿರುವು, ಬಾವಿಕಟ್ಟೆ, ಕಾಲುವೆಯ ಸೇತುವೆ, ಸಂತೆಯ ಬಯಲು ಎಲ್ಲ ಸೇರಿ ಊರು. ಶಾರ್ತ್ರ್ ಎಂಬ ಫ್ರೆಂಚ್ ಪಟ್ಟಣ 2003ರಿಂದ ನಡೆಸುತ್ತಿರುವ ಬೆಳಕಿನ ನಡಿಗೆಯಲ್ಲಿ ಹೆಸರುವಾಸಿಯಾದ ಕೆಥೆಡ್ರಲ್ ಒಂದು ನಿಲುಗಡೆ ಮಾತ್ರ. ಇಪ್ಪತ್ತರಷ್ಟಿರುವ ಉಳಿದ ನಿಲುಗಡೆಗಳಲ್ಲಿ ಸೇತುವೆಗಳಿವೆ, ಹೊಳೆಯಂಚಿನಲ್ಲಿ ಹಿಂದೆ ಬಟ್ಟೆ ಒಗೆಯುತ್ತಿದ್ದ ಕಟ್ಟೆಗಳಿವೆ. ಜನ ಟಿಕೆಟ್ಟಿಲ್ಲದೆ, ತಮ್ಮ ಪಾಡಿಗೆ ತಾವು ಒಂದು ಬೆಳಕಿನಿಂದ ಇನ್ನೊಂದಕ್ಕೆ ನಡೆದು ಹೋಗುತ್ತಾರೆ. ನಡುವಿನ ಕತ್ತಲೆಯ ಹಾದಿ ಅಲ್ಲಿ ಕೊರತೆಯಲ್ಲ, ಕಣ್ಣಿಗೆ ಸಿಗುವ ವಿಶ್ರಾಂತಿ. ರಾಜರ, ಧರ್ಮಗುರುಗಳ ಕಥೆಯ ಪಕ್ಕದಲ್ಲಿ ಒಗೆಯುವ ಹೆಂಗಸರ ಬದುಕಿಗೂ ಒಂದು ದೀಪ ಸಿಕ್ಕಿದೆ.

ಫ್ರಾನ್ಸಿನದೇ ಆದ ಲಿಯೋನ್ ನಗರದ ಬೆಳಕಿನ ಹಬ್ಬದ ಹುಟ್ಟು ಇನ್ನೂ ಸರಳವಾದದ್ದು. 1852ರ ಡಿಸೆಂಬರ್ 8ರಂದು ಗುಡ್ಡದ ಮೇಲೆ ಮೇರಿಮಾತೆಯ ಪ್ರತಿಮೆಯ ಉದ್ಘಾಟನೆಯಿತ್ತು; ಮಳೆಗಾಳಿಯಿಂದ ಸಮಾರಂಭ ನಡೆಯದಂತಾಗಿ, ಸಂಜೆ ಬಾನು ತಿಳಿಯಾದಾಗ ಜನ ತಾವಾಗಿ ತಮ್ಮ ಮನೆಯ ಕಿಟಕಿಗಳಲ್ಲಿ ಹಣತೆಗಳನ್ನು ಹಚ್ಚಿಟ್ಟರು. ಇಂದು ಅದು ನಾಲ್ಕು ರಾತ್ರಿಗಳ, ಲಕ್ಷಾಂತರ ಜನರನ್ನು ಸೆಳೆಯುವ ಬೃಹತ್ ಉತ್ಸವ. ನೂಕುನುಗ್ಗಲು ತಡೆಯಲು ಬೀದಿಗಳಲ್ಲಿ ಏಕಮುಖ ನಡಿಗೆಯ ಏರ್ಪಾಟು ಬೇಕಾಗುತ್ತದೆ. ಊರಿನವರೇ ಹಚ್ಚಿದ ದೀಪಕ್ಕೂ ಊರಿನವರು ಕಿಟಕಿ ಮುಚ್ಚಿಕೊಂಡು ಕೂರಬೇಕಾದ ದೀಪಕ್ಕೂ ಇರುವ ಅಂತರವನ್ನು ಯೋಜನೆ ಮಾಡುವವರು ಮೊದಲೇ ಅಳೆಯಬೇಕು. ಹಳೆಯ ಊರುಗಳಲ್ಲಿ ಈಗಲೂ ಜನ ವಾಸವಿದ್ದಾರೆ. ಚಿತ್ರ ಬೀಳುವ ಗೋಡೆಯ ಒಳಬದಿಯಲ್ಲಿ ಮಗು ಮಲಗಿರುತ್ತದೆ. ಅವರಿಗೆ ಬೆಳಕಿಗಿಂತ ಹೆಚ್ಚು ಕಾಟ ಕೊಡುವುದು ಧ್ವನಿವರ್ಧಕ. ದಿನವೂ ಅದೇ ಹೊತ್ತಿಗೆ, ಅದೇ ಕಂಠದಲ್ಲಿ, ಅದೇ ಯುದ್ಧದ ವರ್ಣನೆಯನ್ನು ವರ್ಷಗಟ್ಟಲೆ ಕೇಳುವ ಶಿಕ್ಷೆ ಯಾರಿಗೂ ಬೇಡ. ಕಥನವನ್ನು ನೋಡುಗರ ಮೊಬೈಲಿಗೋ ಹೆಡ್‌ಫೋನಿಗೋ ಕಳಿಸಿ ಬೀದಿಯನ್ನು ಮೌನವಾಗಿಡುವುದು ಇಂದು ಕಷ್ಟದ ಕೆಲಸವೇನಲ್ಲ.

ಇನ್ನು ಬೆಳಕಿನ ಪ್ರಮಾಣದ ವಿಚಾರ. ಪ್ರೊಜೆಕ್ಟರ್ ದೊಡ್ಡದಾದಷ್ಟೂ ಪ್ರದರ್ಶನ ಚೆನ್ನ ಎಂಬ ನಂಬಿಕೆ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. 20,000 ಲ್ಯೂಮೆನ್ (ಯಂತ್ರ ಸೂಸುವ ಒಟ್ಟು ಬೆಳಕಿನ ಅಳತೆ) ಬೆಳಕು ಕೊಡುವ ಯಂತ್ರವೊಂದು 25 ಮೀಟರ್ ಅಗಲ, 16 ಮೀಟರ್ ಎತ್ತರದ ಗೋಡೆಯನ್ನು ತುಂಬಿದರೆ ಪ್ರತಿ ಚದರ ಮೀಟರಿಗೆ 50 ಲ್ಯೂಮೆನ್, ಅಂದರೆ 50 ಲಕ್ಸ್ ಸಿಗುತ್ತದೆ. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ 0.3 ಲಕ್ಸಿನ ಆಸುಪಾಸು. ಬೆಳದಿಂಗಳಿನ 150 ಪಟ್ಟಿಗೂ ಹೆಚ್ಚು ಬೆಳಕಿದ್ದರೂ ಚಿತ್ರ ಮಂಕಾಗಿ ಕಾಣುವುದೇಕೆ? ಸುತ್ತಲಿನ ಬೀದಿದೀಪಗಳೂ ಅದೇ ಗೋಡೆಯ ಮೇಲೆ ಹತ್ತಿಪ್ಪತ್ತು ಲಕ್ಸ್ ಚೆಲ್ಲುತ್ತಿರುವುದರಿಂದ. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬರೆಯಲು ಬರುವುದಿಲ್ಲ; ಚಿತ್ರದಲ್ಲಿ ಕಪ್ಪು ಇರಬೇಕಾದಲ್ಲಿ ಅದು ಸುಮ್ಮನೆ ಬೆಳಕು ಬಿಡದೆ ಇರುತ್ತದೆ, ಅಲ್ಲಿ ಎಷ್ಟು ಕಪ್ಪು ಕಾಣಬೇಕೆಂಬುದನ್ನು ತೀರ್ಮಾನಿಸುವುದು ಆ ಬೀದಿಯ ಕತ್ತಲೆ. ಗಾಢ ಬಣ್ಣದ ಕಲ್ಲಾದರೆ ಬಿದ್ದ ಬೆಳಕಿನ ಬಹುಪಾಲನ್ನು ತಾನೇ ನುಂಗಿಕೊಳ್ಳುತ್ತದೆ, ಸುಣ್ಣದ ಗೋಡೆಯಂತೆ ಹಿಂದಿರುಗಿಸುವುದಿಲ್ಲ. ಇಂಥಲ್ಲಿ ಇನ್ನೂ ಎರಡು ಯಂತ್ರ ತರಿಸುವ ಬದಲು ಬೀದಿದೀಪಗಳಿಗೆ ಮುಸುಕು ಹಾಕಿ, ಅಂಗಡಿಗಳ ಫಲಕಗಳನ್ನು ಆ ಹೊತ್ತಿಗೆ ಆರಿಸಿದರೆ ಖರ್ಚಿಲ್ಲದೆ ಚಿತ್ರ ಹೊಳೆಯುತ್ತದೆ. ರಾತ್ರಿಯನ್ನು ತೋರಿಸಲು ಬೇಕಾದ ಮೊದಲ ಸಾಮಗ್ರಿ ರಾತ್ರಿಯೇ ಅಲ್ಲವೇ?

ಮೇಲೆ ಹೇಳಿದ 50 ಲಕ್ಸ್ ಎಂಬ ಅಂಕಿಗೆ ಇನ್ನೊಂದು ಕಡೆಯೂ ಮಹತ್ವವಿದೆ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆ, ಜಲವರ್ಣದಂತಹ ಸೂಕ್ಷ್ಮ ವಸ್ತುಗಳಿಗೆ ಇಟ್ಟುಕೊಂಡಿರುವ ರೂಢಿಯ ಮಿತಿ ಅಷ್ಟೇ. ಬೆಳಕಿನಿಂದಾಗುವ ಹಾನಿ ಒಂದು ದಿನಕ್ಕೆ ತಿಳಿಯುವುದಿಲ್ಲ, ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ, ಮಾಸಿದ ಬಣ್ಣ ಮರಳುವುದಿಲ್ಲ. ಬರಿಯ ಕಲ್ಲಿಗೆ ಪ್ರೊಜೆಕ್ಟರಿನ ಬೆಳಕಿನಿಂದ ಭಯವಿಲ್ಲ. ಸಸ್ಯಮೂಲದ ಬಣ್ಣಗಳಿರುವ ಭಿತ್ತಿಚಿತ್ರಕ್ಕೆ ಖಂಡಿತ ಇದೆ. ತೇವವಿರುವ ಕಡೆ ನಿತ್ಯ ಬೆಳಕು ಬಿದ್ದರೆ ಪಾಚಿ ಬೆಳೆಯುತ್ತದೆ. ಫ್ರಾನ್ಸಿನ ಲಾಸ್ಕೋ ಗುಹೆಯ ಪ್ರಾಗೈತಿಹಾಸಿಕ ಚಿತ್ರಗಳು ಪತ್ತೆಯಾದದ್ದು 1940ರಲ್ಲಿ, ಸಾರ್ವಜನಿಕರಿಗೆ ತೆರೆದದ್ದು 1948ರಲ್ಲಿ. ದೀಪಗಳೂ ಜನರ ಉಸಿರೂ ಸೇರಿ ಗೋಡೆಗೆ ಹಸಿರು ಹತ್ತತೊಡಗಿದ್ದರಿಂದ 1963ರಲ್ಲೇ ಮುಚ್ಚಬೇಕಾಯಿತು. ಬಯಲಿನ ಗೋಡೆಗೆ ಗುಹೆಯ ಹೋಲಿಕೆ ಪೂರ್ತಿ ಸಲ್ಲದಿರಬಹುದು. ಆದರೆ ವರ್ಷವಿಡೀ ಉರಿಯುವ ಫ್ಲಡ್‌ಲೈಟನ್ನು ಸ್ಮಾರಕದ ಬುಡದಲ್ಲೇ ಹೂತು, ಕೇಬಲ್ಲಿಗಾಗಿ ಹಳೆಯ ಗಾರೆಗೆ ಮೊಳೆ ಹೊಡೆಯುವವರು ಈ ಕಥೆಯನ್ನು ಒಮ್ಮೆ ಓದಬೇಕು. ಪ್ರೊಜೆಕ್ಟರಿನ ದೊಡ್ಡ ಗುಣವೇ ಅದು ದೂರ ನಿಂತು, ಮುಟ್ಟದೆ ಕೆಲಸ ಮಾಡುವುದು. ಆ ಗುಣವನ್ನು ಡ್ರಿಲ್ಲಿಂಗ್ ಯಂತ್ರದಿಂದ ಹಾಳುಮಾಡಬಾರದು.

ಹಳೆಯ ಗೋಪುರಗಳಲ್ಲಿ ಮನುಷ್ಯರಿಗಿಂತ ಹಿಂದಿನಿಂದ ಒಕ್ಕಲಾಗಿರುವವರೂ ಇದ್ದಾರೆ. ನೈಋತ್ಯ ಸ್ವೀಡನ್ನಿನ ಹಳ್ಳಿಗಳ ಚರ್ಚುಗಳನ್ನು 1980ರ ದಶಕದಲ್ಲೂ ಮತ್ತೆ 2016ರಲ್ಲೂ ಪರಿಶೀಲಿಸಿದ ಸಂಶೋಧಕರು, ನಡುವಿನ ಅವಧಿಯಲ್ಲಿ ಫ್ಲಡ್‌ಲೈಟ್ ಹಾಕಿಸಿಕೊಂಡ ಅನೇಕ ಚರ್ಚುಗಳಿಂದ ಉದ್ದ ಕಿವಿಯ ಬಾವಲಿಗಳು ಮಾಯವಾಗಿರುವುದನ್ನೂ, ಕತ್ತಲೆಯಲ್ಲೇ ಉಳಿದ ಚರ್ಚುಗಳಲ್ಲಿ ಅವು ಹಾಗೆಯೇ ಇರುವುದನ್ನೂ ಕಂಡರು. ನ್ಯೂಯಾರ್ಕಿನಲ್ಲಿ 2002ರಿಂದ ಪ್ರತಿವರ್ಷ ಸೆಪ್ಟೆಂಬರ್ 11ರ ನೆನಪಿಗಾಗಿ 88 ದೀಪಗಳಿಂದ ಆಕಾಶಕ್ಕೆ ಎರಡು ಬೆಳಕಿನ ಕಂಬಗಳನ್ನು ಎಬ್ಬಿಸುತ್ತಾರೆ. ಏಳು ವರ್ಷಗಳ ಆ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ವಲಸೆಹಕ್ಕಿಗಳ ಮೇಲೆ ಅದರ ಪರಿಣಾಮವಾಗಿದೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅಲ್ಲಿ ಕಂಡುಕೊಂಡ ಪರಿಹಾರ ಮಾತ್ರ ಬಹಳ ಸುಲಭದ್ದು. ಹಕ್ಕಿಗಳು ಹೆಚ್ಚು ಸೇರಿ ಸುತ್ತತೊಡಗಿದರೆ ಇಪ್ಪತ್ತು ನಿಮಿಷ ದೀಪ ಆರಿಸುತ್ತಾರೆ, ಅವು ತಮ್ಮ ದಾರಿ ಹಿಡಿದು ಹೋಗುತ್ತವೆ. ಫ್ರಾನ್ಸ್ 2018ರ ಡಿಸೆಂಬರಿನ ಆದೇಶವೊಂದರಲ್ಲಿ ಪರಂಪರೆಯ ಕಟ್ಟಡಗಳ ಅಲಂಕಾರದ ಬೆಳಕನ್ನು ರಾತ್ರಿ 1 ಗಂಟೆಯೊಳಗೆ ಆರಿಸಬೇಕೆಂದು ವಿಧಿಸಿತು. ನನ್ನನ್ನು ಕೇಳಿದರೆ ಆ ಹೊತ್ತೂ ತಡವೇ. ಕೊನೆಯ ನೋಡುಗ ಹೊರಟ ಮೇಲೆ ಉರಿಯುವ ದೀಪ ಯಾರಿಗಾಗಿ?

ಕೊನೆಯದಾಗಿ, ಗೋಡೆಯ ಮೇಲೆ ಮಾತಾಡುವವರು ಯಾರು ಎಂಬ ಪ್ರಶ್ನೆ. ಇದು ಸಣ್ಣ ಪ್ರಶ್ನೆಯಲ್ಲ. 1985ರಲ್ಲಿ ಕಲಾವಿದ ಕ್ಷಿಷ್ಟೋಫ್ ವೊದಿಚ್ಕೊ ಲಂಡನ್ನಿನಲ್ಲಿ ತನ್ನ ಪ್ರೊಜೆಕ್ಟರನ್ನು ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿಯ ಕಡೆ ತಿರುಗಿಸಿ ಅದರ ಹಣೆಗೆ ನಾಜಿ ಸ್ವಸ್ತಿಕವನ್ನು ಬಿಟ್ಟಾಗ ಪೊಲೀಸರು ಬಂದು ನಿಲ್ಲಿಸಬೇಕಾಯಿತು. ವರ್ಣಭೇದ ನೀತಿಯ ಬಗ್ಗೆ ಪುಟಗಟ್ಟಲೆ ಹೇಳುವುದನ್ನು ಒಂದು ಚಿತ್ರ ಕೆಲವೇ ಹೊತ್ತಿನಲ್ಲಿ ಹೇಳಿತ್ತು. ಬೆಳಕಿನಲ್ಲಿ ಬರೆದದ್ದಕ್ಕೆ ಕಟ್ಟಡದ ಅಧಿಕಾರವೂ ಅಂಟಿಕೊಳ್ಳುತ್ತದೆ, ಕಟ್ಟಡವೇ ಹೇಳುತ್ತಿದೆ ಎಂದು ನೋಡುಗ ನಂಬುತ್ತಾನೆ. ಹಾಗಿರುವಾಗ ದಂತಕಥೆಯನ್ನು ದಾಖಲೆಯೆಂಬಂತೆ ತೋರಿಸುವುದು, ಕಟ್ಟಿಸಿದ ಅರಸನನ್ನು ಮೆರೆಸಿ ಕಲ್ಲು ಹೊತ್ತವರನ್ನೂ ಕೆತ್ತಿದವರನ್ನೂ ಬಿಡುವುದು, ಊರಿನ ಒಂದು ಸಮುದಾಯದ ನೆನಪನ್ನು ಬೆಳಗಿ ಇನ್ನೊಂದರದನ್ನು ಕತ್ತಲೆಯಲ್ಲಿಡುವುದು, ಪ್ರಾಯೋಜಕರ ಲಾಂಛನವನ್ನು ಗೋಪುರದ ನೆತ್ತಿಗೆ ಹತ್ತಿಸುವುದು ಮುದ್ರಿತ ಪುಸ್ತಕದಲ್ಲಿ ಮಾಡಿದ ತಪ್ಪಿಗಿಂತ ದೊಡ್ಡ ತಪ್ಪುಗಳಾಗುತ್ತವೆ. ಪುಸ್ತಕವನ್ನು ಬೇಡವೆಂದರೆ ಮುಚ್ಚಿಡಬಹುದು.

ಆದ್ದರಿಂದ ಇಂಥ ಯೋಜನೆ ಕೈಗೊಳ್ಳುವವರು ಟೆಂಡರ್ ಕರೆಯುವುದಕ್ಕೆ ಮುಂಚೆ ಒಂದು ರಾತ್ರಿ ಊರಿನ ದೀಪಗಳನ್ನೆಲ್ಲ ಆರಿಸಿ, ಅಲ್ಲಿನ ನಿವಾಸಿಗಳು, ಇತಿಹಾಸ ಬಲ್ಲವರು, ಸಂರಕ್ಷಣೆಯ ಕೆಲಸಗಾರರೊಂದಿಗೆ ಬೀದಿಗಳಲ್ಲಿ ನಡೆದು ಬರಲಿ. ಯಾವುದನ್ನು ಬೆಳಗಬೇಕೆಂಬುದರ ಜೊತೆಗೆ ಯಾವುದನ್ನು ಕತ್ತಲೆಯಲ್ಲೇ ಬಿಡಬೇಕೆಂಬುದನ್ನೂ ಅಲ್ಲೇ ಗುರುತು ಹಾಕಿಕೊಳ್ಳಲಿ. ಯಂತ್ರಕ್ಕೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಚಿತ್ರಕಥೆಗೂ, ಕೆಲವು ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿ ಬರೆಯುವುದಕ್ಕೂ, ದಿನನಿತ್ಯದ ನಿರ್ವಹಣೆಗೂ ತೆಗೆದಿಡಲಿ. ಚಿತ್ರಕಥೆಯ ಕರಡನ್ನು ಗೋಡೆಗೇರಿಸುವ ಮೊದಲು ಊರಿನವರ ಮುಂದೆ ಓದಿಸಲಿ. ತಮ್ಮ ಪತ್ರಿಕೆಗೂ ಒಂದು ವಿನಂತಿಯಿದೆ. ಮುಂದಿನ ಸಲ ಇಂಥ ಯೋಜನೆಯ ಸುದ್ದಿ ಬಂದಾಗ ಪ್ರೊಜೆಕ್ಟರುಗಳ ಸಂಖ್ಯೆಯ ಪಕ್ಕದಲ್ಲಿ ಆ ಚಿತ್ರಕಥೆಯನ್ನು ಬರೆದವರ ಹೆಸರನ್ನೂ, ದೀಪ ಆರಿಸುವ ಗಂಟೆಯನ್ನೂ ಕೇಳಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ